ಲೋಕದ ಋಣ ಹೊತ್ತ ಮೂರು ವಾದ್ಯ

ಗ್ರ್ಯಾಮಿ ಪ್ರಶಸ್ತಿಯ ‘ಅತ್ಯುತ್ತಮ ಹೊಸ ಕಲಾವಿದ’ ವಿಭಾಗಕ್ಕೆ 2024ರ ನವೆಂಬರಿನಲ್ಲಿ ನಾಮನಿರ್ದೇಶನಗಳು ಪ್ರಕಟವಾದಾಗ ಪಟ್ಟಿಯಲ್ಲಿ ಕ್ರುಂಗ್‌ಬಿನ್ ಎಂಬ ಹೆಸರೂ ಇತ್ತು. ಅಮೆರಿಕದ ಟೆಕ್ಸಾಸ್ ರಾಜ್ಯದ ಹೂಸ್ಟನ್ ನಗರದ ಈ ಬ್ಯಾಂಡಿನ ಮೊದಲ ಆಲ್ಬಂ ಬಂದು ಆಗಲೇ ಒಂಬತ್ತು ವರ್ಷ ಕಳೆದಿತ್ತು. ಪ್ರಶಸ್ತಿ ಅವರಿಗೆ ಸಿಗಲಿಲ್ಲ, ಗಾಯಕಿ ಚಾಪೆಲ್ ರೋನ್ ಪಾಲಾಯಿತು. ಆದರೂ ಆ ತಡವಾದ ಗುರುತಿನಲ್ಲಿ ಈ ಬ್ಯಾಂಡಿನ ಸ್ವಭಾವವೇ ಕಾಣುತ್ತದೆ. ಇವರ ಸಂಗೀತ ಅಬ್ಬರದಿಂದ ಬೆಳೆದದ್ದಲ್ಲ. ಒಬ್ಬ ಕೇಳುಗ ಇನ್ನೊಬ್ಬನಿಗೆ ಹೇಳಿ, ಅವನು ಮತ್ತೊಬ್ಬನಿಗೆ ಹೇಳಿ, ಹಾಗೆ ಹಬ್ಬಿದ್ದು.

ಬ್ಯಾಂಡಿನಲ್ಲಿ ಇರುವವರು ಮೂವರು. ಗಿಟಾರಿಗೆ ಮಾರ್ಕ್ ಸ್ಪೀರ್, ಬಾಸ್ ಗಿಟಾರಿಗೆ ಲಾರಾ ಲೀ ಓಚೋವಾ, ಡ್ರಮ್ಸ್‌ಗೆ ಎಲ್ಲರೂ ಡೀಜೆ ಎಂದು ಕರೆಯುವ ಡೊನಾಲ್ಡ್ ಜಾನ್ಸನ್. ಇವರ ಹೆಚ್ಚಿನ ರಚನೆಗಳಲ್ಲಿ ಸಾಹಿತ್ಯವೇ ಇಲ್ಲ, ಇದ್ದರೂ ನಾಲ್ಕಾರು ಸಾಲು. ಆ ಸಂಗೀತದೊಳಗೆ 1960–70ರ ದಶಕದ ಥಾಯ್ಲೆಂಡಿನ ಗಿಟಾರಿದೆ, ಕ್ರಾಂತಿಗೆ ಮುಂಚಿನ ಇರಾನಿನ ಪಾಪ್ ಇದೆ, ಜಮೈಕಾದ ಡಬ್ ಇದೆ, ಸ್ಪೇನ್ ಮತ್ತು ಮೆಕ್ಸಿಕೊದ ಧಾಟಿಗಳಿವೆ, ಪಶ್ಚಿಮ ಆಫ್ರಿಕಾದ ತಂತಿಗಳಿವೆ, ಹೂಸ್ಟನ್ನಿನ ಚರ್ಚುಗಳ ಗಾಸ್ಪೆಲ್ ಇದೆ. ಇಷ್ಟನ್ನೆಲ್ಲ ಒಂದೆಡೆ ತಂದರೆ ಗದ್ದಲವಾಗುವುದು ಸಹಜ. ಇಲ್ಲಿ ಹಾಗಾಗಿಲ್ಲ. ಕೇಳುವಾಗ ಮನಸ್ಸು ತಿಳಿಯಾಗುತ್ತದೆ.

ಜಗತ್ತಿನ ಸಂಗೀತವನ್ನೆಲ್ಲ ಬೆರೆಸುತ್ತೇವೆ ಎನ್ನುವ ಬ್ಯಾಂಡುಗಳಿಗೆ ಇಂದು ಬರವಿಲ್ಲ. ಯಾವ ದೇಶದ ಯಾವ ಕಾಲದ ಧ್ವನಿಮುದ್ರಣವನ್ನಾದರೂ ಅಂಗೈ ಮೇಲಿನ ಮೊಬೈಲು ತಂದುಕೊಡುವ ಕಾಲವಿದು, ಬೆರೆಸುವುದು ಸುಲಭವಾಗಿದೆ. ಕೇಳುವುದು ಮಾತ್ರ ಸುಲಭವಾಗಿಲ್ಲ. ಕ್ರುಂಗ್‌ಬಿನ್ ದೊಡ್ಡ ಬ್ಯಾಂಡ್ ಎಂದು ನಾನು ನಂಬಿರುವುದು ಅದು ಬೆರೆಸಿದ್ದರಿಂದಲ್ಲ, ತಾಳ್ಮೆಯಿಂದ ಕೇಳಿಸಿಕೊಂಡದ್ದರಿಂದ ಮತ್ತು ಯಾರಿಂದ ಕಲಿತೆವೆಂಬುದನ್ನು ಬಾಯಿಬಿಟ್ಟು ಹೇಳಿದ್ದರಿಂದ.

ಚರ್ಚಿನಿಂದ ಕೊಟ್ಟಿಗೆಗೆ

ಮಾರ್ಕ್ ಸ್ಪೀರ್ ಮತ್ತು ಡೀಜೆ ಪರಸ್ಪರ ಭೇಟಿಯಾದದ್ದು 2004ರಲ್ಲಿ, ಹೂಸ್ಟನ್ನಿನ ಸೇಂಟ್ ಜಾನ್ಸ್ ಮೆಥಡಿಸ್ಟ್ ಚರ್ಚಿನ ಗಾಸ್ಪೆಲ್ ವಾದ್ಯವೃಂದದಲ್ಲಿ. ಸ್ಪೀರ್ ಗಿಟಾರ್ ನುಡಿಸುತ್ತಿದ್ದರು. ಮುಂದೆ ಡ್ರಮ್ಸ್ ಹಿಡಿಯಲಿದ್ದ ಡೀಜೆ ಅಲ್ಲಿ ಆರ್ಗನ್ ನುಡಿಸುತ್ತಿದ್ದರು. ಆಫ್ರಿಕನ್ ಅಮೆರಿಕನ್ನರ ಚರ್ಚುಗಳಲ್ಲಿ ವಾದ್ಯಗಾರನ ಕೆಲಸ ನಾವು ಊಹಿಸುವುದಕ್ಕಿಂತ ಕಠಿಣ. ಪಾದ್ರಿಯ ಪ್ರವಚನ ಏರಿದಂತೆ ಏರಬೇಕು, ಅವರು ದನಿ ತಗ್ಗಿಸಿದರೆ ತಗ್ಗಬೇಕು, ಹಾಡುವವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಲ್ಲಬೇಕು. ನಮ್ಮ ಹರಿಕಥೆಯ ಪಕ್ಕವಾದ್ಯದವರಿಗೆ ಈ ಶಿಸ್ತು ಚೆನ್ನಾಗಿ ಗೊತ್ತು. ತನ್ನ ಕೈಚಳಕ ತೋರಿಸುವ ಜಾಗ ಅದಲ್ಲ. ಇನ್ನೊಬ್ಬರ ಉಸಿರಿಗೆ ಕಿವಿಗೊಡುವ ಜಾಗ. ಅಭ್ಯಾಸವಿದ್ದ ಮಂಗಳವಾರಗಳಂದು ಇಬ್ಬರೂ ಒಟ್ಟಿಗೆ ಊಟಕ್ಕೆ ಹೋಗುವುದು ವರ್ಷಗಟ್ಟಲೆ ನಡೆಯಿತು.

2007ರಲ್ಲಿ ಸ್ನೇಹಿತರ ಮೂಲಕ ಲಾರಾ ಲೀ ಅವರ ಪರಿಚಯವಾಯಿತು. ಅಫ್ಘಾನಿಸ್ತಾನದ ಸಂಗೀತ ಮತ್ತು ಮಧ್ಯಪ್ರಾಚ್ಯದ ವಾಸ್ತುಶಿಲ್ಪದ ಮೇಲಿನ ಪ್ರೀತಿ ಅವರನ್ನೂ ಸ್ಪೀರ್ ಅವರನ್ನೂ ಹತ್ತಿರ ತಂದಿತು. ಲಾರಾ ಲೀ ಆಗ ಬಾಸ್ ನುಡಿಸುವವರೇ ಆಗಿರಲಿಲ್ಲ. ಸ್ಪೀರ್ ಅವರಿಂದಲೇ ಕಲಿತರು. ಕಲಿತು ಸ್ವಲ್ಪ ಕಾಲಕ್ಕೇ, 2010ರಲ್ಲಿ, ಬ್ರಿಟಿಷ್ ಸಂಗೀತಗಾರ ಬೊನೊಬೊ ಅವರ ಕಾರ್ಯಕ್ರಮಗಳಲ್ಲಿ ಮೊದಲು ನುಡಿಸುತ್ತಿದ್ದ ಇನ್ನೊಂದು ತಂಡದ ಜತೆ ಇಬ್ಬರೂ ಊರೂರು ಸುತ್ತಿದರು. ತಮ್ಮದೇ ಸಂಗೀತ ಮಾಡಬೇಕೆಂಬ ಆಸೆ ಆ ಪ್ರವಾಸದಲ್ಲಿ ಗಟ್ಟಿಯಾಯಿತು. ಡ್ರಮ್ಸ್‌ಗೆ ಡೀಜೆ ಬಂದರು.

ಹೂಸ್ಟನ್ನಿಗೂ ಆಸ್ಟಿನ್ನಿಗೂ ನಡುವೆ ಬರ್ಟನ್ ಎಂಬ ಪುಟ್ಟ ಊರಿದೆ. ಅಲ್ಲಿ ಸ್ಪೀರ್ ಕುಟುಂಬದ ಜಮೀನು, ಜಮೀನಿನಲ್ಲಿ ಒಂದು ಹಳೆಯ ಕೊಟ್ಟಿಗೆ. ಅದೇ ಇವರ ಸ್ಟುಡಿಯೊ ಆಯಿತು. ಸದ್ದು ಒಳಬರದಂತೆ ಕಟ್ಟಿದ ಗೋಡೆಗಳು ಅಲ್ಲಿರಲಿಲ್ಲ. ಹಕ್ಕಿಗಳ ಕೂಗು, ದನಗಳ ಸದ್ದು ಮೈಕಿಗೆ ಸಿಕ್ಕರೆ ಸಿಗಲಿ ಎಂದು ಬಿಟ್ಟರು. ಅಲ್ಲಿ ಹುಟ್ಟಿದ ‘ಎ ಕಾಫ್ ಬಾರ್ನ್ ಇನ್ ವಿಂಟರ್’ ಎಂಬ ರಚನೆಯನ್ನು ಬೊನೊಬೊ 2013ರಲ್ಲಿ ತಾವು ಆಯ್ದು ಕೊಟ್ಟ ‘ಲೇಟ್ ನೈಟ್ ಟೇಲ್ಸ್’ ಸಂಕಲನಕ್ಕೆ ಸೇರಿಸಿಕೊಂಡರು. ಟೆಕ್ಸಾಸಿನ ಹೊಲದ ನಡುವೆ ನುಡಿಸಿದ್ದು ಲಂಡನ್ನಿನ ಕೇಳುಗರಿಗೆ ಮುಟ್ಟಿದ್ದು ಹೀಗೆ. 2015ರಲ್ಲಿ ಮೊದಲ ಆಲ್ಬಂ ‘ದಿ ಯೂನಿವರ್ಸ್ ಸ್ಮೈಲ್ಸ್ ಅಪಾನ್ ಯೂ’ ಹೊರಬಂತು.

ಬ್ಯಾಂಕಾಕಿನ ಗಿಟಾರು ಎಲ್ಲಿಂದ ಬಂತು

ಬ್ಯಾಂಡಿನ ಹೆಸರು ಥಾಯ್ ಭಾಷೆಯದು, ವಿಮಾನ ಎಂದರ್ಥ. ಲಾರಾ ಲೀ ಆಗ ಥಾಯ್ ಕಲಿಯುತ್ತಿದ್ದರು. ಮೊದಲ ಆಲ್ಬಮ್ಮಿನ ತಳಪಾಯವೂ ಥಾಯ್ಲೆಂಡಿನದೇ. 1960 ಮತ್ತು 70ರ ದಶಕದ ಥಾಯ್ ಕ್ಯಾಸೆಟ್ಟುಗಳ ಹಾಡುಗಳನ್ನು ಮೂವರೂ ಕೇಳಿ ಕೇಳಿ ಮೈಗೂಡಿಸಿಕೊಂಡಿದ್ದರು. ಆ ಹಾಡುಗಳ ಕಥೆಯನ್ನು ತುಸು ವಿವರವಾಗಿ ಹೇಳಬೇಕು. ಜಗತ್ತಿನ ಸಂಗೀತ ಹೇಗೆ ಸುತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಫೆಂಡರ್ ಕಂಪನಿ 1954ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಅದು ಲಂಡನ್ ತಲುಪಿ ಹ್ಯಾಂಕ್ ಮಾರ್ವಿನ್ ಕೈಸೇರಿತು. ಮಾರ್ವಿನ್ ‘ದಿ ಶ್ಯಾಡೋಸ್’ ತಂಡದ ಗಿಟಾರಿಸ್ಟ್. ನಮ್ಮ ಲಖನೌದಲ್ಲಿ 1940ರಲ್ಲಿ ಹುಟ್ಟಿದ ಗಾಯಕ ಕ್ಲಿಫ್ ರಿಚರ್ಡ್ ಅವರಿಗೆ ನುಡಿಸುತ್ತಿದ್ದ ತಂಡ ಅದು. 1960ರಲ್ಲಿ ಆ ತಂಡ ಸಾಹಿತ್ಯವಿಲ್ಲದ, ಬರೀ ಗಿಟಾರಿನ ‘ಅಪಾಚೆ’ ಎಂಬ ರಚನೆಯಿಂದ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಆ ಸ್ವಚ್ಛ, ಮಾರ್ದನಿಗೊಡುವ ನಾದ ಬ್ಯಾಂಕಾಕಿಗೂ ಹೋಯಿತು. ಅಲ್ಲಿನ ಹುಡುಗರು ಗಿಟಾರ್ ಹಿಡಿದು ಅದೇ ನಾದದಲ್ಲಿ ತಮ್ಮ ಹಳೆಯ ಮಟ್ಟುಗಳನ್ನು ನುಡಿಸತೊಡಗಿದರು. ಇಂಥ ತಂಡಗಳಿಗೆ ಅಲ್ಲಿ ‘ವೊಂಗ್ ಶ್ಯಾಡೋ’ ಎಂದೇ ಹೆಸರು ಬಿತ್ತು.

ಇನ್ನೊಂದು ಕಡೆ ವಿಯೆಟ್ನಾಂ ಯುದ್ಧ ನಡೆದಿತ್ತು. ಥಾಯ್ಲೆಂಡಿನ ಊಬೊನ್, ಊದೊನ್, ಕೊರಾಟ್ ಮುಂತಾದೆಡೆ ಅಮೆರಿಕದ ವಾಯುಪಡೆ ನೆಲೆಯೂರಿತು. ಹತ್ತಾರು ಸಾವಿರ ಸೈನಿಕರ ಜೊತೆ ಸೋಲ್, ಫಂಕ್, ರಾಕ್ ತಟ್ಟೆಗಳೂ ಬಂದಿಳಿದವು. ಈ ನೆಲೆಗಳಲ್ಲಿ ಹೆಚ್ಚಿನವು ಇದ್ದದ್ದು ಈಸಾನ್ ಎಂಬ ಈಶಾನ್ಯ ಭಾಗದಲ್ಲಿ. ಅದು ಲಾವೋಸಿಗೆ ತಾಗಿದ ಬಡ ಕೃಷಿಸೀಮೆ. ಅಲ್ಲಿನ ಜನರ ಹಾಡು ಮೋಲಾಮ್. ಬಿದಿರ ಕೊಳವೆಗಳನ್ನು ಜೋಡಿಸಿ ಬಾಯಿಂದ ನುಡಿಸುವ ಖೇನ್, ಎರಡು ಮೂರು ತಂತಿಗಳ ಫಿನ್ ಅದರ ವಾದ್ಯಗಳು. ಲಾವೋಸಿನ ಖೇನ್ ಸಂಗೀತ 2017ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿದೆ. 1970ರ ದಶಕದಲ್ಲಿ ಈ ಫಿನ್ ವಾದ್ಯಕ್ಕೆ ವಿದ್ಯುತ್ ಹರಿಯಿತು, ಪಕ್ಕಕ್ಕೆ ಬಾಸ್ ಗಿಟಾರ್ ಮತ್ತು ಡ್ರಮ್ಸ್ ಬಂದವು. ಹಳ್ಳಿಯಿಂದ ಬ್ಯಾಂಕಾಕಿಗೆ ಕೂಲಿಗೆ ಹೋದವರ ಸಂಕಟವನ್ನು ಹಾಡುವ ಲುಕ್ ತುಂಗ್ ಎಂಬ ಜನಪ್ರಿಯ ಪ್ರಕಾರವೂ ಹೀಗೆಯೇ ಹೊಸ ವಾದ್ಯಗಳನ್ನು ತನ್ನದಾಗಿಸಿಕೊಂಡಿತು.

ಟೆಕ್ಸಾಸಿನ ಕೊಟ್ಟಿಗೆಗೆ ಬಂದದ್ದು ಈ ಸಂಗೀತ. ಮಾರ್ಕ್ ಸ್ಪೀರ್ ಕೈಯಲ್ಲಿರುವುದೂ ಸ್ಟ್ರಾಟೊಕಾಸ್ಟರ್. ಕ್ಯಾಲಿಫೋರ್ನಿಯಾದಿಂದ ಲಂಡನ್, ಲಂಡನ್ನಿನಿಂದ ಬ್ಯಾಂಕಾಕ್, ಅಲ್ಲಿಂದ ಮರಳಿ ಅಮೆರಿಕ: ಒಂದು ಗಿಟಾರಿನ ನಾದ ಅರ್ಧ ಶತಮಾನದಲ್ಲಿ ಭೂಮಿಯನ್ನು ಸುತ್ತಿ ಬಂತು. ಹೊರಟಾಗ ಅದಕ್ಕೆ ಈಸಾನಿನ ಬಾಗು ಬಳುಕು ಇರಲಿಲ್ಲ. ಮರಳಿದಾಗ ಇತ್ತು. ಅಮೆರಿಕದ ಬ್ಯಾಂಡೊಂದು ಏಷ್ಯಾದ ‘ಶುದ್ಧ’ ಸಂಗೀತವನ್ನು ಎತ್ತಿಕೊಂಡಿತು ಎಂದು ಯಾರಾದರೂ ಹೇಳಿದರೆ ಈ ಕಥೆಯನ್ನು ಅವರಿಗೆ ಹೇಳಬೇಕು. ಎತ್ತಿಕೊಂಡದ್ದೇ ಬೆರಕೆಯದು. ಬೆರಕೆಯಾಗಿದ್ದರಿಂದಲೇ ಅದು ಅಷ್ಟು ಜೀವಂತವಾಗಿತ್ತು.

ಕಡಿಮೆ ನುಡಿಸುವ ಕಲೆ

ಪ್ರಭಾವ ಎಂದರೆ ಒಂದು ಥಾಯ್ ಹಾಡನ್ನು ತಂದು ಇಂಗ್ಲಿಷ್ ಹಾಡಿನ ಪಕ್ಕ ಇಡುವುದಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಬೆಳಿಗ್ಗೆ ಹೆಪ್ಪನ್ನು ಬೇರೆಯಾಗಿ ಹುಡುಕಲಾಗದು, ಹಾಲಂತೂ ಮೊದಲಿನ ಹಾಲಾಗಿ ಉಳಿದಿರುವುದಿಲ್ಲ. ಈ ಬ್ಯಾಂಡಿನಲ್ಲಿ ಥಾಯ್ ಸಂಗೀತ ಹಾಗೆ ಕೂಡಿಕೊಂಡಿದೆ.

ಇವರು ಕಟ್ಟುವ ಕ್ರಮವೇ ಅದಕ್ಕೆ ಕಾರಣ. ಸಾಮಾನ್ಯವಾಗಿ ಮೊದಲು ಡೀಜೆಯ ತಾಳ. ಹಿಪ್‌ಹಾಪ್ ನಿರ್ಮಾಪಕರು ಹಳೆಯ ತಟ್ಟೆಗಳಿಂದ ಕತ್ತರಿಸಿ ಮತ್ತೆ ಮತ್ತೆ ಸುತ್ತಿಸುವ ತುಣುಕಿನ ಹಾಗೆ ಅವರ ಡ್ರಮ್ಸ್ ಒಂದೇ ಸಮನೆ ಸಾಗುತ್ತದೆ. ನಡುನಡುವೆ ಸಿಡಿಮದ್ದು ಹಾರಿಸುವ ಚಪಲ ಅದಕ್ಕಿಲ್ಲ. ಆ ತಾಳದ ಮೇಲೆ ಲಾರಾ ಲೀ ಬಾಸ್‌ನ ಒಂದು ಚಿಕ್ಕ ಪಲುಕನ್ನು ಕಟ್ಟುತ್ತಾರೆ. ನಾಲ್ಕೋ ಎಂಟೋ ಸ್ವರ, ನಡುವೆ ಧಾರಾಳ ಬಿಡುವು. ಡಬ್ ಸಂಗೀತ ಕಲಿಸಿದ ಪಾಠ ಅದು: ಬಾಸ್ ಎಲ್ಲಿ ಸುಮ್ಮನಿರುತ್ತದೆ ಎಂಬುದು ಎಲ್ಲಿ ನುಡಿಯುತ್ತದೆ ಎಂಬುದಷ್ಟೇ ಮುಖ್ಯ. ಕೊನೆಗೆ ಬರುವುದು ಸ್ಪೀರ್ ಅವರ ಗಿಟಾರ್. ಗಾಯಕಿ ಹಾಡಬೇಕಿದ್ದ ಜಾಗದಲ್ಲಿ ಇಲ್ಲಿ ಗಿಟಾರ್ ಹಾಡುತ್ತದೆ. ಸ್ವರವನ್ನು ನೇರವಾಗಿ ಹಿಡಿಯದೆ ಕೆಳಗಿನಿಂದ ಜಾರಿಸಿ ಮುಟ್ಟುವುದು, ಮುಟ್ಟಿದ ಮೇಲೆ ತುಸು ನಡುಗಿಸುವುದು, ಪಲ್ಲವಿಯ ಕೊನೆಯಲ್ಲಿ ಒಂದು ಚಿಕ್ಕ ಸುತ್ತು. ಥಾಯ್ ಮತ್ತು ಇರಾನಿ ಗಾಯಕಿಯರ ಕಂಠದಿಂದ ಕಲಿತದ್ದು ಇದು. ಗಮಕಕ್ಕೆ ಒಗ್ಗಿದ ನಮ್ಮ ಕಿವಿಗೆ ಇಂಥ ನುಡಿಸಾಣಿಕೆ ಪರಕೀಯ ಅನ್ನಿಸುವುದಿಲ್ಲ.

ವೇದಿಕೆಯ ಮೇಲೆಯೂ ಬಹುಮಟ್ಟಿಗೆ ಈ ಮೂವರೇ. ಸ್ಪೀರ್ ಮತ್ತು ಲಾರಾ ಲೀ ಹಣೆ ಮುಚ್ಚುವ ಕಪ್ಪು ವಿಗ್ ಧರಿಸುತ್ತಾರೆ. ಕಳಚಿಟ್ಟರೆ ಬೀದಿಯಲ್ಲಿ ಯಾರೂ ಗುರುತಿಸರು. ಮುಖಕ್ಕಿಂತ ಸಂಗೀತ ಮುಂದಿರಲಿ ಎಂಬ ಈ ನಿಲುವು ಇಂದಿನ ಪ್ರಚಾರಯುಗದಲ್ಲಿ ನನಗೆ ಬಹಳ ಗೌರವದ್ದಾಗಿ ಕಾಣುತ್ತದೆ.

ಇರಾನಿನ ಗಾಯಕಿಯರು, ಮಾಲಿಯ ತಂದೆ ಮಗ

2018ರ ಎರಡನೆಯ ಆಲ್ಬಂ ‘ಕೊನ್ ತೋದೊ ಎಲ್ ಮುಂದೊ’. ಮೆಕ್ಸಿಕನ್ ಮೂಲದ ಲಾರಾ ಲೀ ಅವರ ಅಜ್ಜನ ಅಕ್ಕರೆಯ ಮಾತೊಂದು ಅದರ ಶೀರ್ಷಿಕೆ. ಈ ಹೊತ್ತಿಗೆ ಬ್ಯಾಂಡಿನ ಕಿವಿ ಥಾಯ್ಲೆಂಡಿನಿಂದ ಇರಾನ್, ಟರ್ಕಿಗಳತ್ತ ಸರಿದಿತ್ತು. ಅದರಲ್ಲಿನ ‘ಮರಿಯಾ ತಂಬಿಯೆನ್’ ರಚನೆಗೆ ಅವರು ಮಾಡಿಸಿದ ವಿಡಿಯೊದಲ್ಲಿ ಬ್ಯಾಂಡಿನವರು ಮುನ್ನೆಲೆಗೆ ಬರುವುದಿಲ್ಲ. 1979ರ ಕ್ರಾಂತಿಗೆ ಮುಂಚೆ ಹಾಡಿ ಕುಣಿಯುತ್ತಿದ್ದ ಇರಾನಿನ ಕಲಾವಿದೆಯರ ಹಳೆಯ ದೃಶ್ಯಗಳೇ ಅದನ್ನು ತುಂಬಿವೆ. ಕ್ರಾಂತಿಯ ನಂತರ ಪುರುಷರಿರುವ ಸಭೆಯಲ್ಲಿ ಹೆಣ್ಣೊಬ್ಬಳು ಒಂಟಿಯಾಗಿ ಹಾಡುವುದನ್ನು ಅಲ್ಲಿ ನಿಷೇಧಿಸಲಾಯಿತು. ಅಪಾರ ಜನಪ್ರಿಯತೆಯ ಗಾಯಕಿ ಗೂಗೂಷ್ ದೇಶ ಬಿಡದೆ ಎರಡು ದಶಕ ಮೌನವಾಗಿದ್ದರು. 2000ದಲ್ಲಿ ಹೊರಬಂದ ಮೇಲೆಯೇ ಮತ್ತೆ ವೇದಿಕೆ ಹತ್ತಿದ್ದು. ತಮಗೆ ಕಲಿಸಿದ ಕಂಠಗಳಿಗೆ ಏನಾಯಿತು ಎಂಬುದನ್ನು ಹೊಸ ಕೇಳುಗರಿಗೆ ನೆನಪಿಸುವ ಹೊಣೆಯನ್ನು ಒಂದು ಪಾಪ್ ಬ್ಯಾಂಡ್ ಹೊತ್ತುಕೊಂಡದ್ದು ಸಣ್ಣ ಸಂಗತಿಯಲ್ಲ.

ಆಮೇಲಿನ ದಾರಿಯನ್ನು ಬೇಗ ಹೇಳಿಬಿಡಬಹುದು. 2020ರಲ್ಲಿ ಟೆಕ್ಸಾಸಿನವರೇ ಆದ ಗಾಯಕ ಲಿಯಾನ್ ಬ್ರಿಜಸ್ ಜೊತೆ ‘ಟೆಕ್ಸಾಸ್ ಸನ್’, ಅದೇ ವರ್ಷ ಹಾಡುಗಾರಿಕೆಗೆ ಹೆಚ್ಚು ಜಾಗ ಕೊಟ್ಟ ‘ಮೊರ್ದೆಕಾಯ್’, 2024ರಲ್ಲಿ ಮತ್ತೆ ಮೂವರ ಮೌನಕ್ಕೆ ಮರಳಿದ ‘ಆ ಲಾ ಸಾಲಾ’.

ಇವುಗಳ ನಡುವೆ 2022ರಲ್ಲಿ ಬಂದ ‘ಅಲಿ’ ನನ್ನ ಮಟ್ಟಿಗೆ ಇವರ ಅತ್ಯಂತ ವಿನಯದ ಕೆಲಸ. ಮಾಲಿ ದೇಶದ ಅಲಿ ಫರ್ಕಾ ತೂರೆ (1939–2006) ಆಫ್ರಿಕಾದ ಮಹಾನ್ ಗಿಟಾರ್ ವಾದಕ. ಅಮೆರಿಕದ ರೈ ಕೂಡರ್ ಜೊತೆ ಅವರು ಮಾಡಿದ ‘ಟಾಕಿಂಗ್ ಟಿಂಬಕ್ಟು’ಗೆ ಗ್ರ್ಯಾಮಿ ಬಂದಿತ್ತು. ಅದಕ್ಕೆ ಸ್ವಲ್ಪ ಮೊದಲು ಇದೇ ಕೂಡರ್ ನಮ್ಮ ವಿಶ್ವಮೋಹನ ಭಟ್ಟರ ಮೋಹನವೀಣೆಯ ಜೊತೆ ನುಡಿಸಿದ ಆಲ್ಬಮ್ಮಿಗೂ ಗ್ರ್ಯಾಮಿ ಸಿಕ್ಕಿತ್ತು. ಅಲಿ ಅವರ ಮಗ ವ್ಯೂ ಫರ್ಕಾ ತೂರೆ ತಂದೆಯ ಎಂಟು ಹಾಡುಗಳನ್ನು ಕ್ರುಂಗ್‌ಬಿನ್ ಜೊತೆ ಸೇರಿ ಮತ್ತೆ ನುಡಿಸಿದರು. ಇಲ್ಲಿ ಹಾಡುವವರು ಮಗ, ಮುಂದಿರುವ ಗಿಟಾರ್ ಮಗನದು, ಆಲ್ಬಮ್ಮಿನ ಹೆಸರು ತಂದೆಯದು. ಹೂಸ್ಟನ್ನಿನ ಮೂವರು ಹಿಂದೆ ಸರಿದು ನೆಲ ಹಾಸಿಕೊಟ್ಟಿದ್ದಾರೆ. ಚರ್ಚಿನಲ್ಲಿ ಕಲಿತ ಪಕ್ಕವಾದ್ಯದ ಶಿಸ್ತು ಇಲ್ಲಿ ಪೂರ್ತಿ ಫಲ ಕೊಟ್ಟಿದೆ.

ಬೆಂಗಳೂರಿನ ಕೊಂಡಿ

2020ರ ಕೊನೆಯಲ್ಲಿ ‘ಲೇಟ್ ನೈಟ್ ಟೇಲ್ಸ್’ ಸರಣಿಗೆ ಹಾಡುಗಳನ್ನು ಆರಿಸುವ ಸರದಿ ಕ್ರುಂಗ್‌ಬಿನ್‌ಗೇ ಬಂತು. ಏಳು ವರ್ಷದ ಹಿಂದೆ ತಮ್ಮನ್ನು ಜಗತ್ತಿಗೆ ತೋರಿಸಿದ ಸರಣಿಯಲ್ಲಿ ಈಗ ಅವರು ತಮ್ಮ ಗುರುಗಳನ್ನು ತೋರಿಸಿದರು. ಕೊರಿಯಾದ ಸನುಲ್ಲಿಮ್, ಇಥಿಯೋಪಿಯಾದ ರೋಹಾ ಬ್ಯಾಂಡ್, ಸ್ಪೇನಿನ ಪಲೋಮಾ ಸಾನ್ ಬಸೀಲಿಯೊ. ಅವರ ಸಾಲಿನಲ್ಲಿ ನಾಜಿಯಾ ಹಸನ್ ಹಾಡಿದ ‘ಖುಷಿ’.

ನಾಜಿಯಾ ಕರಾಚಿಯಲ್ಲಿ ಹುಟ್ಟಿದವರು. 1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಮೂಲಕ ಭಾರತದ ಮನೆಮನೆಯ ದನಿಯಾದವರು. ಆ ಹಾಡನ್ನೂ ‘ಖುಷಿ’ಯನ್ನೂ ಸಂಯೋಜಿಸಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಮನೆತನದ ಬಿದ್ದು ಅಪ್ಪಯ್ಯ. ಇಲ್ಲಿ ಟ್ರೋಜನ್ಸ್ ಎಂಬ ಬ್ಯಾಂಡ್ ಕಟ್ಟಿದ್ದ ಈ ತರುಣ 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಹಾಡಿದ, ಬಿದ್ದು ಅವರು ನಿರ್ಮಿಸಿದ ‘ಕುಂಗ್ ಫೂ ಫೈಟಿಂಗ್’ ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಮೊದಲ ಸ್ಥಾನ ಪಡೆಯಿತು. ಟೆಕ್ಸಾಸಿನ ಮೂವರು ಕೇಳಿ ಮೆಚ್ಚಿದ ಸಂಗೀತದ ಸಾಲಿನಲ್ಲಿ ನಮ್ಮ ನೆಲದಿಂದ ಹೋದವರ ಕೆಲಸವೂ ಇದೆ.

ಕನ್ನಡ ಚಿತ್ರಸಂಗೀತವೂ ಇದೇ ಕಾಲದಲ್ಲಿ ಹೊರಗಿನ ಗಾಳಿಗೆ ಕಿಟಕಿ ತೆರೆದಿತ್ತು. ‘ಜೇಡರ ಬಲೆ’ಯಿಂದ (1968) ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ (1978) ರಾಜಕುಮಾರ್ ಅವರ ಸಿಐಡಿ 999 ಚಿತ್ರಗಳಿಗೆ ಜಿ.ಕೆ. ವೆಂಕಟೇಶ್ ಕೊಟ್ಟ ಸಂಗೀತವನ್ನು ಇಂದು ಮತ್ತೆ ಕೇಳಿ. ಎಲೆಕ್ಟ್ರಿಕ್ ಗಿಟಾರ್ ಮತ್ತು ಹಿತ್ತಾಳೆ ವಾದ್ಯಗಳು ಕನ್ನಡದ ಗಾಯನಕ್ಕೆ ಎಷ್ಟು ಸಲೀಸಾಗಿ ಹೊಂದಿಕೊಂಡಿವೆ! ಅವರ ವಾದ್ಯವೃಂದದಲ್ಲಿ ಸಹಾಯಕರಾಗಿದ್ದವರು ಇಳಯರಾಜ. ಬ್ಯಾಂಕಾಕಿನ ಹುಡುಗರು ಮಾಡಿದ್ದನ್ನು ನಮ್ಮ ಸಂಯೋಜಕರೂ ಮಾಡುತ್ತಿದ್ದರು. ಅವರ ಕೆಲಸ ಹೊರಜಗತ್ತಿನ ಸಂಗೀತಪ್ರಿಯರಿಗೆ ಇನ್ನೂ ಸರಿಯಾಗಿ ತಲುಪಬೇಕಾಗಿದೆ.

ಹೆಸರು ಹೇಳುವ ಧರ್ಮ

ಬೆರಕೆಯೆಲ್ಲ ಸುಂದರ ಎನ್ನುವುದು ಅರ್ಧ ಸತ್ಯ. ಇನ್ನರ್ಧ ಸತ್ಯಕ್ಕೆ ದಕ್ಷಿಣ ಆಫ್ರಿಕಾದ ಸಾಲೊಮನ್ ಲಿಂಡಾ ಅವರ ಬದುಕು ಸಾಕ್ಷಿ. 1939ರಲ್ಲಿ ಅವರು ಜೊಹಾನ್ಸ್‌ಬರ್ಗಿನಲ್ಲಿ ‘ಎಂಬೂಬೆ’ ಎಂಬ ಹಾಡನ್ನು ಧ್ವನಿಮುದ್ರಿಸಿದರು. ಅದೇ ರಾಗ ಅಮೆರಿಕದಲ್ಲಿ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಆಗಿ 1961ರಲ್ಲಿ ಮೊದಲ ಸ್ಥಾನಕ್ಕೇರಿತು. ಮುಂದೆ ‘ದಿ ಲಯನ್ ಕಿಂಗ್’ ಚಿತ್ರದಲ್ಲೂ ಕೇಳಿಸಿತು. ಲಿಂಡಾ ಮಾತ್ರ 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಹೆಣ್ಣುಮಕ್ಕಳಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, 2006ರಲ್ಲಿ, ಒಪ್ಪಂದದ ಮೂಲಕ ಒಂದಿಷ್ಟು ನ್ಯಾಯ ಸಿಕ್ಕಿತು. ಹಾಡು ಜಗತ್ತನ್ನು ಸುತ್ತಿತು, ಹಾಡಿದವನ ಹೆಸರು ದಾರಿಯಲ್ಲೇ ಬಿದ್ದುಹೋಯಿತು.

ನಮ್ಮಲ್ಲೂ ಈ ಅನ್ಯಾಯ ನಡೆಯುತ್ತಲೇ ಇದೆ. ಕಂಸಾಳೆಯವರ ಮಟ್ಟು, ತಂಬೂರಿಯವರ ಪದ, ಜೋಗತಿಯರ ಚೌಡಿಕೆಯ ಲಯ, ತತ್ವಪದಕಾರರ ಧಾಟಿ ಸಿನಿಮಾಕ್ಕೂ ಆಲ್ಬಮ್ಮಿಗೂ ಬರುತ್ತವೆ. ಎಷ್ಟೋ ಸಲ ಬರೀ ‘ಜಾನಪದ’ ಎಂಬ ಒಂದು ಪದವೇ ಹೆಸರಿನ ಜಾಗದಲ್ಲಿ ಕೂರುತ್ತದೆ. ಆ ಹಾಡನ್ನು ಹಾಡಿ ತೋರಿಸಿದ ಅಜ್ಜಿಗೆ ಊರಿದೆ, ಹೆಸರಿದೆ. ಅವಳಿಗೆ ಸಲ್ಲಬೇಕಾದ ಸಂಭಾವನೆಯೂ ಇದೆ. ಆದರೆ ಒಳ್ಳೆಯ ಮಾದರಿಯೂ ನಮ್ಮಲ್ಲಿ ಉಂಟು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್ಮಿನಿಂದ ಶಿಶುನಾಳ ಷರೀಫರ ಪದವನ್ನು ಗಿಟಾರ್, ಬಾಸ್, ಪಿಟೀಲುಗಳ ಜೊತೆ ಹೊಸ ತಲೆಮಾರಿಗೆ ಮುಟ್ಟಿಸಿದಾಗ ಷರೀಫರ ಹೆಸರೂ ಜೊತೆಯಲ್ಲೇ ಹೋಯಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅವರ ತಂಡ ಹಾಡಿದಾಗ ಕನ್ನಡ ಅಲ್ಲಿ ಅಪರಿಚಿತವಾಗಿರಬಹುದು, ಅನಾಥವಾಗಿರಲಿಲ್ಲ.

ಬ್ಯಾಂಡ್ ಕಟ್ಟುವ ಕನಸಿರುವ ಕನ್ನಡದ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟೆ. ಜಗತ್ತಿನ ಯಾವ ಸಂಗೀತವನ್ನಾದರೂ ಕೇಳಿ, ಯಾವುದರಿಂದಲಾದರೂ ಕಲಿಯಿರಿ. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಒಂದು ವಾರ ಕೇಳಿ ಒಂದು ತುಣುಕು ಕದಿಯಬೇಡಿ, ವರ್ಷಗಟ್ಟಲೆ ಕೇಳಿ ನಿಮ್ಮದಾಗಿಸಿಕೊಳ್ಳಿ. ನಿಮ್ಮೂರಿನ ಜಾತ್ರೆಯಲ್ಲಿ ಹಾಡುವವರನ್ನೂ ಅದೇ ಶ್ರದ್ಧೆಯಿಂದ ಕೇಳಿ, ಅವರ ಹೆಸರನ್ನು ನಿಮ್ಮ ಆಲ್ಬಮ್ಮಿನ ಮೇಲೆ ಅಚ್ಚು ಹಾಕಿಸಿ, ಬಂದ ಹಣದಲ್ಲಿ ಅವರ ಪಾಲನ್ನು ಅವರಿಗೆ ತಲುಪಿಸಿ. ಓದುಗರೇ, ಮುಂದಿನ ಸಲ ಹಳೆಯ ಪದವೊಂದು ಹೊಸ ವಾದ್ಯಗಳೊಂದಿಗೆ ನಿಮ್ಮ ಕಿವಿಗೆ ಬಿದ್ದಾಗ ಇದನ್ನು ಮೊದಲು ಹಾಡಿದವರು ಯಾರು ಎಂದು ದಯವಿಟ್ಟು ಕೇಳಿ. ಕೇಳುಗರು ಕೇಳತೊಡಗಿದರೆ ಹಾಡುವವರು ಹೇಳಲೇಬೇಕಾಗುತ್ತದೆ.